ಕ್ಯಾಪ್ಟನ್ ಎಡಗಾಲು ಮತ್ತು ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಇಪ್ಪತ್ತೊಂದು ವರ್ಷ ಫುಟ್‌ಬಾಲ್ ಕ್ಲಬ್ಬಿನಲ್ಲಿ ದುಡಿದಳು, ಆದರೆ ಒಂದು ಪಂದ್ಯವನ್ನೂ ಕಣ್ಣಾರೆ ಪೂರ್ತಿ ನೋಡಲಿಲ್ಲ. ಅವಳ ಕೆಲಸ ಆಟಗಾರರ ಬಟ್ಟೆ ಒಗೆಯುವುದು. ಒಗೆಯುವ ಕೋಣೆ ಇದ್ದದ್ದು ಕ್ರೀಡಾಂಗಣದ ಪೂರ್ವ ಗ್ಯಾಲರಿಯ ಅಡಿಯಲ್ಲಿ. ಮೇಲೆ ಜನ ಕೂರುವ ಮೆಟ್ಟಿಲುಗಳೇ ಕೆಳಗೆ ಅವಳ ಚಾವಣಿ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದಿತ್ತು. ಒಳಗೆ ಹೋದಷ್ಟೂ ಬಗ್ಗಬೇಕಿತ್ತು. ಎರಡು ದೊಡ್ಡ ವಾಷಿಂಗ್ ಮಷೀನು, ಬಿಸಿಗಾಳಿಯಲ್ಲಿ ಒಣಗಿಸುವ ಮಷೀನು ಒಂದು, ಉದ್ದನೆಯ ಇಸ್ತ್ರಿ ಮೇಜು, ಚಾವಣಿಗೆ ತಾಗಿದಂತೆ ಒಂದು ಜಾಲರಿ ಕಿಟಕಿ. ಆ ಕಿಟಕಿಯಲ್ಲಿ ಕಾಣಿಸುತ್ತಿದ್ದದ್ದು ಹೊರಗೆ ಹಾದುಹೋಗುವವರ ಬೂಟುಗಳು ಮಾತ್ರ.

ಪಂದ್ಯದ ದಿನ ತಲೆಯ ಮೇಲೆ ಹನ್ನೆರಡು ಸಾವಿರ ಜನ. ನಮ್ಮವರು ಗೋಲು ಹೊಡೆದರೆ ಚಾವಣಿಯಿಂದ ಸುಣ್ಣದ ಪುಡಿ ಉದುರಿ ಇಸ್ತ್ರಿ ಮೇಜಿನ ಮೇಲೆ ಬೀಳುತ್ತಿತ್ತು. ಎದುರಿನವರು ಹೊಡೆದರೆ ಎಲ್ಲೋ ದೂರದ ಮೂಲೆಯಲ್ಲಿ ಸಣ್ಣ ಗದ್ದಲ, ಮೇಲೆ ಮೌನ. ಆಟ ಮುಗಿದ ಮೇಲೆ ತಳ್ಳುಗಾಡಿಯಲ್ಲಿ ಬಟ್ಟೆ ಬರುತ್ತಿತ್ತು. ಬಿಳಿ ಅಂಗಿ, ಎದೆಗೆ ಅಡ್ಡ ಹಸಿರು ಪಟ್ಟಿ. ಅದನ್ನು ಬಿಡಿಸಿ ನೋಡಿದರೆ ಯಾರು ಎಷ್ಟು ಆಡಿದರು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಯಾರು ಯಾವ ಮಗ್ಗುಲಿಗೆ ಬೀಳುತ್ತಾನೆ, ಯಾರು ಹುಲ್ಲಿನ ಮೇಲೆ ಜಾರಲು ಹೆದರುತ್ತಾನೆ, ಯಾರ ಅಂಗಿ ಬೆವರಿಲ್ಲದೆ ಬಂದಿದೆ, ಎಲ್ಲ. ಹುಲ್ಲಿನ ಕಲೆಗೆ ವಿನೆಗರ್, ರಕ್ತಕ್ಕೆ ತಣ್ಣೀರು ಮತ್ತು ಉಪ್ಪು, ಕೆಮ್ಮಣ್ಣಿಗೆ ಒಣಗಿದ ಮೇಲೆ ಬ್ರಶ್ಶು. ಇಪ್ಪತ್ತೊಂದು ವರ್ಷದಲ್ಲಿ ಒಬ್ಬನೂ ಕಲೆಯಿದ್ದ ಅಂಗಿ ತೊಟ್ಟು ಮೈದಾನಕ್ಕೆ ಇಳಿದಿಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಆಟಗಾರರ ಬಾಯಲ್ಲಿ ಅವಳಿಗೂ ಆ ಕೋಣೆಗೂ ಒಂದೇ ಹೆಸರು: ಲಾಂಡ್ರಿ. "ಇದನ್ನ ಲಾಂಡ್ರಿಗೆ ಹಾಕು" ಎಂದರೆ ಅವಳಿಗೆ ಹಾಕು ಎಂದರ್ಥ.

ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ದೊಡ್ಡಮ್ಮನೇ ಆಮೇಲಾಮೇಲೆ ತುಂಡುತುಂಡಾಗಿ ಹೇಳಿದ್ದು.

ದೊಡ್ಡಮ್ಮ ಮತ್ತು ನಮ್ಮಮ್ಮ ವಾರಗಿತ್ತಿಯರು. ಅಣ್ಣನ ಹೆಂಡತಿ ಅವಳು, ತಮ್ಮನ ಹೆಂಡತಿ ಇವಳು. ಒಂದೇ ಮನೆಯಲ್ಲಿ ಕೆಳಗಿನ ಎರಡು ಕೋಣೆ ಅವರದು, ಮೇಲಿನ ಎರಡು ನಮ್ಮದು, ನಡುವೆ ಮರದ ಮೆಟ್ಟಿಲು. ನಲ್ಲಿ ಮತ್ತು ಒಲೆ ಕೆಳಗೆ ಮಾತ್ರ, ಹಾಗಾಗಿ ಊಟ ಒಟ್ಟಿಗೆ. ದೊಡ್ಡಮ್ಮನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಬೇರೆ ಊರುಗಳಲ್ಲಿ ಒಳ್ಳೆಯ ಕೆಲಸದಲ್ಲಿದ್ದರು. ದೊಡ್ಡಪ್ಪ ಹೆಂಡತಿ ಹಾಕಿದ ಗೆರೆ ದಾಟದ ಮನುಷ್ಯ. ಕೋಣೆಗಳೂ ನಮ್ಮವಕ್ಕಿಂತ ಅವರವೇ ದೊಡ್ಡವು. ಆದರೂ ಅಮ್ಮನ ಮೇಲೆ ಅವಳಿಗೆ ಹೊಟ್ಟೆಕಿಚ್ಚು, ಏನೋ ಇಲ್ಲ ಎಂದು ಹುಟ್ಟಿದ್ದಲ್ಲ ಅದು. ಅಮ್ಮನನ್ನು ಕಂಡರೆ ಜನ ಹಚ್ಚಿಕೊಳ್ಳುತ್ತಿದ್ದರು, ಅವಳನ್ನು ಕಂಡರೆ ಹಚ್ಚಿಕೊಳ್ಳುತ್ತಿರಲಿಲ್ಲ, ಅಷ್ಟೇ. ಅಮ್ಮ ಬಸ್ಸಿನಲ್ಲಿ ಪಕ್ಕ ಕೂತವರ ಸಂಸಾರದ ಕಥೆಯನ್ನೆಲ್ಲ ಇಳಿಯುವಷ್ಟರಲ್ಲಿ ತಿಳಿದುಕೊಳ್ಳುವವಳು. ದೊಡ್ಡಮ್ಮ ಅದೇ ಬಸ್ಸಿನಲ್ಲಿ ಇಪ್ಪತ್ತು ವರ್ಷ ಓಡಾಡಿದರೂ ಕಂಡಕ್ಟರ್ ಒಂದು ದಿನ ನಕ್ಕವನಲ್ಲ.

ಅಪ್ಪ ಕೆಲಸ ಮಾಡುತ್ತಿದ್ದ ಅಚ್ಚುಕೂಟ ಮುಚ್ಚಿದಾಗ ಅಮ್ಮನಿಗೆ ಕ್ಲಬ್ಬಿನಲ್ಲಿ ಕೆಲಸ ಕೊಡಿಸಿದ್ದೇ ದೊಡ್ಡಮ್ಮ. ಮ್ಯಾನೇಜರ ಹತ್ತಿರ ತಾನೇ ಹೋಗಿ, ಇವಳು ನಮ್ಮ ಮನೆಯವಳು, ಕೈ ಶುದ್ಧ ಎಂದು ಹೇಳಿದ್ದಳು. ಆಟಗಾರರ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ. ಎರಡು ವರ್ಷ ತುಂಬುವುದರೊಳಗೆ ಅಮ್ಮ ತಟ್ಟೆ ಬಿಟ್ಟು ಸೌಟು ಹಿಡಿದಿದ್ದಳು. ಯಾರಿಗೆ ಮೊಟ್ಟೆ ಅರ್ಧ ಬೆಂದಿರಬೇಕು, ಯಾರಿಗೆ ಸೂಪಿನಲ್ಲಿ ಮೆಣಸು ಹೆಚ್ಚು ಬೇಕು, ಯಾರು ಪಂದ್ಯದ ಹಿಂದಿನ ದಿನ ಬರೀ ಬ್ರೆಡ್ಡು ತಿನ್ನುತ್ತಾರೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಇಪ್ಪತ್ತೈದು ಜನ ಗಟ್ಟಿಮುಟ್ಟಾದ ಗಂಡಸರು ಅವಳನ್ನು ಅಮ್ಮ ಎಂದು ಕರೆಯತೊಡಗಿದರು.

"ನಾನು ಹತ್ತೊಂಬತ್ತು ವರ್ಷ ಬಗ್ಗಿ ಬಗ್ಗಿ ಲಾಂಡ್ರಿ ಆದೆ. ಇವಳು ಎರಡೇ ವರ್ಷದಲ್ಲಿ ಅಮ್ಮ ಆಗ್ಬಿಟ್ಲು" ಎಂದು ದೊಡ್ಡಪ್ಪನ ಎದುರು ಹೇಳಿದಳಂತೆ. ದೊಡ್ಡಪ್ಪ, "ನೀನೂ ಹೋಗಿ ಬಡಿಸು" ಅಂದರಂತೆ. ಆಮೇಲೆ ಎರಡು ದಿನ ದೊಡ್ಡಪ್ಪನ ಅಂಗಿಗೆ ಇಸ್ತ್ರಿ ಬೀಳಲಿಲ್ಲ.

ತಂಡ ಕೆಳದರ್ಜೆಗೆ ಇಳಿದ ವರ್ಷದ ಶುರುವಿನಲ್ಲಿ ಎಲ್ಲರಿಗೂ ಬಹಳ ಆಸೆಯಿತ್ತು. ಹೊಸ ಕೋಚ್ ಬಂದಿದ್ದ. ಹಿಂದಿನ ವರ್ಷ ಹತ್ತೊಂಬತ್ತು ಗೋಲು ಹೊಡೆದಿದ್ದ ಹುಡುಗನನ್ನು ಕ್ಯಾಪ್ಟನ್ ಮಾಡಿದ್ದರು. ಇಪ್ಪತ್ನಾಲ್ಕು ವಯಸ್ಸು, ಮಾತು ಕಮ್ಮಿ, ದೂರದ ಊರಿನವನು. ಅವನಿಗೆ ಅಮ್ಮನ ಕೈಯೂಟ ಹಿಡಿಸಿತ್ತು. ವರ್ಷದ ಆಟ ಶುರುವಾಗುವ ಮುನ್ನ ಪತ್ರಿಕೆಗೆಂದು ತಂಡದ ಫೋಟೋ ತೆಗೆಯುತ್ತಾರೆ. ಆ ದಿನ ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ ದೊಡ್ಡಮ್ಮ ಇಪ್ಪತ್ತೇಳು ಅಂಗಿಗೆ ಇಸ್ತ್ರಿ ಹಾಕಿದ್ದಳು. ಕೆಲಸದವರೆಲ್ಲ ಗೆರೆಯಾಚೆ ನಿಂತು ನೋಡುತ್ತಿದ್ದರು. ಕ್ಯಾಮೆರಾದವನು ಸಿದ್ಧನಾದಾಗ ಕ್ಯಾಪ್ಟನ್ ಎದ್ದು ಬಂದು ಅಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಮ್ಮನೂ ತಟ್ಟಿದಳು. ಅದುವರೆಗೂ ಅವಳು ನಿಂತಿದ್ದದ್ದು ಅಮ್ಮನ ಪಕ್ಕದಲ್ಲೇ, ಮೊಳಕೈ ತಾಗುವಷ್ಟು ಹತ್ತಿರ.

ಫೋಟೋ ಪತ್ರಿಕೆಯಲ್ಲಿ ಬಂತು. ಅಪ್ಪ ಅದಕ್ಕೆ ಗಾಜು ಹಾಕಿಸಿ ಊಟದ ಕೋಣೆಯಲ್ಲಿ ತೂಗುಹಾಕಿದರು, ಅಂದರೆ ಕೆಳಗೆ, ದೊಡ್ಡಮ್ಮ ಕೂತು ಉಣ್ಣುವ ಜಾಗಕ್ಕೆ ಸರಿಯಾಗಿ ಎದುರಿಗೆ. ಅಪ್ಪನಿಗೆ ಇಂಥವು ಹೊಳೆಯುವುದಿಲ್ಲ.

"ಚೆನ್ನಾಗಿ ಬಂದಿದೆ. ಆ ಅಂಗಿಗಳಲ್ಲಿ ಒಂದಾದ್ರೂ ಸುಕ್ಕು ತೋರಿಸಿ ನೋಡೋಣ" ಎಂದಳು ದೊಡ್ಡಮ್ಮ. ನಾವು ಫೋಟೋದಲ್ಲಿ ಅಂಗಿಗಳನ್ನು ನೋಡಿರಲೇ ಇಲ್ಲ.

ಲೀಗಿನಲ್ಲಿ ಹದಿನಾರು ತಂಡ. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಉಳಿಯುವ ಎರಡು ತಂಡ ಕೆಳಗಿನ ದರ್ಜೆಗೆ ಇಳಿಯಬೇಕು. ನಮ್ಮ ತಂಡ ಇಪ್ಪತ್ತೆರಡು ವರ್ಷದಿಂದ ಇಳಿದಿರಲಿಲ್ಲ. ಮೊದಲ ಎರಡು ಪಂದ್ಯ ಗೆದ್ದರು. ಮೂರನೆಯದು ಸೋತರು, ನಾಲ್ಕನೆಯದೂ ಸೋತರು. ಸೋತ ದಿನ ಅಮ್ಮ ಜೋಲುಮುಖ ಹಾಕಿಕೊಂಡು ಬರುತ್ತಿದ್ದಳು, "ಪಾಪ, ಮಕ್ಕಳು ತುತ್ತು ಮುಟ್ಟಲಿಲ್ಲ" ಎನ್ನುತ್ತ ತಾನೂ ತಟ್ಟೆ ಸರಿಸುತ್ತಿದ್ದಳು. ಅದೇ ಹೊತ್ತಿಗೆ ದೊಡ್ಡಮ್ಮನಿಗೆ ಹಸಿವು ಕೆರಳುತ್ತಿತ್ತು. ತನಗೇ ನಾಚಿಕೆಯಾಗುತ್ತಿತ್ತು, ಆದರೆ ಕೈ ನಿಲ್ಲುತ್ತಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಿದ್ದಾಳೆ. ಏಳನೇ ಪಂದ್ಯದ ಸಂಜೆ ಅವಳು ಮೂರನೇ ಸಲ ಅನ್ನ ಹಾಕಿಕೊಂಡಾಗ ದೊಡ್ಡಪ್ಪ ತಲೆಯೆತ್ತಿ ನೋಡಿ, "ಏನೇ, ಇವತ್ತೂ ಸೋತ್ರಾ?" ಎಂದರು. ಅಮ್ಮ ಹೂಂ ಎಂದು ನಿಟ್ಟುಸಿರಿಟ್ಟಳು. ದೊಡ್ಡಪ್ಪ ಪ್ರಶ್ನೆ ಕೇಳಿದ್ದು ಯಾರಿಗೆ, ಯಾಕೆ ಎಂಬುದು ಅವಳಿಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ತಿಳಿಯಿತು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಂಬತ್ತನೇ ಪಂದ್ಯ ಮುಗಿದ ಮೇಲೆ ಬಂದ ಬಟ್ಟೆಯಲ್ಲಿ ದೊಡ್ಡಮ್ಮ ಒಂದು ವಿಚಿತ್ರ ಕಂಡಳು. ಕ್ಯಾಪ್ಟನ್ ಬೀಳುತ್ತಿದ್ದದ್ದು ಯಾವಾಗಲೂ ಎಡಮಗ್ಗುಲಿಗೆ. ಅವನ ಚಡ್ಡಿಯ ಎಡಭಾಗ ಹಸಿರಾಗಿ ಬರುತ್ತಿತ್ತು. ಈಗ ಎಡಭಾಗ ಮಲ್ಲಿಗೆಯಷ್ಟು ಬಿಳಿ, ಕೆಸರೆಲ್ಲ ಬಲಕ್ಕೆ. ಎಡಗಾಲಿನ ಕಾಲುಚೀಲ ತಿರುಗಿಸಿದರೆ ಒಳಗೆ ಹಳದಿ ಮುಲಾಮಿನ ಜಿಡ್ಡು, ಬ್ಯಾಂಡೇಜಿನ ನೂಲು. ಅವಳು ಅದನ್ನು ಮೂಸಿ ನೋಡಿದಳು. ಕ್ಲಬ್ಬಿನ ಡಾಕ್ಟರು ಹಚ್ಚುವ ಮುಲಾಮಿನ ವಾಸನೆ ಅವಳಿಗೆ ಗೊತ್ತಿತ್ತು, ಇದು ಅದಲ್ಲ. ಹುಡುಗ ಯಾರಿಗೂ ಹೇಳದೆ ತಾನೇ ಹಚ್ಚಿಕೊಳ್ಳುತ್ತಿದ್ದಾನೆ.

ಮಂಗಳವಾರ ಬೆಳಿಗ್ಗೆ ಕ್ಯಾಪ್ಟನ್ ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಇಪ್ಪತ್ತು ವರ್ಷದಲ್ಲಿ ಆಟಗಾರನೊಬ್ಬ ಆ ಮೆಟ್ಟಿಲು ಇಳಿದು ಬಂದದ್ದು ಅದೇ ಮೊದಲು. ಅವಳಿಗೆ ಗಾಬರಿಯಾಗಿ ಕೈಯಲ್ಲಿದ್ದ ಬಟ್ಟೆಯನ್ನು ಮಷೀನಿನ ಬದಲು ಬಕೆಟ್ಟಿಗೆ ಹಾಕಿದಳಂತೆ.

"ನನ್ನ ಕಾಲುಚೀಲ..." ಎಂದ ಅವನು.

"ಒಗೆದಾಯ್ತು. ಯಾರೂ ನೋಡಿಲ್ಲ."

ಅವನು ಹಿಂದೆ ತಿರುಗಿ ಮೆಟ್ಟಿಲ ಕಡೆ ನೋಡಿದ. ಆಮೇಲೆ, "ನಿಮಗೆ ಗೊತ್ತಾಯ್ತಾ?" ಎಂದ.

"ಎಡ ಮಂಡಿ. ಒಂದು ತಿಂಗಳಿಂದ. ತಿರುಗಿದಾಗ ನೋಯುತ್ತೆ, ನೆಟ್ಟಗೆ ಓಡಿದ್ರೆ ಅಷ್ಟಿಲ್ಲ. ಹೌದಾ?"

ಅವನು ಮೊಟ್ಟಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. "ಡಾಕ್ಟರಿಗೆ ಗೊತ್ತಾದ್ರೆ ಕೂರಿಸಿಬಿಡ್ತಾರೆ. ನಾನು ಕೂತ್ರೆ ಗೋಲು ಹೊಡೆಯೋರು ಯಾರಿದ್ದಾರೆ? ದಯವಿಟ್ಟು ಯಾರಿಗೂ ಹೇಳ್ಬೇಡಿ. ಊಟದ ಮನೆ ಅಮ್ಮನಿಗಂತೂ ಹೇಳಲೇಬೇಡಿ. ಅವರು ತಡ್ಕೊಳ್ಳಲ್ಲ, ಎಲ್ಲರ ಎದುರಿಗೆ ಅತ್ತುಬಿಡ್ತಾರೆ."

ಅವನು ಹೇಳಿದ್ದರಲ್ಲಿ ದೊಡ್ಡಮ್ಮನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು. ಅಮ್ಮನಿಗೆ ಹೇಳಬೇಡಿ. ಅಮ್ಮನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು, ಅದೂ ಅವನ ಬಾಯಿಂದಲೇ. ಅವಳು ಬಾಗಿಲು ಮುಂದೆ ಮಾಡಿ, ಸೋಪಿನ ಡಬ್ಬಿಗಳ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, "ಕೂತ್ಕೋ" ಎಂದಳು. ಒಣಗಿಸುವ ಮಷೀನಿನಿಂದ ಬಿಸಿ ಟವೆಲೊಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಅವನ ಮಂಡಿಯ ಮೇಲಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ.

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಅವನು ಬರತೊಡಗಿದ. ಹತ್ತು ನಿಮಿಷ, ಕೆಲವೊಮ್ಮೆ ಕಾಲು ಗಂಟೆ. ಅವನಿಗಾಗಿ ಟವೆಲುಗಳು ಕಾದಿರುತ್ತಿದ್ದವು. ಬ್ಯಾಂಡೇಜನ್ನು ಅವಳು ಬೇರೆಯಾಗಿ ಕೈಯಲ್ಲೇ ಒಗೆದು, ಯಾರೂ ಕಾಣದ ತಗ್ಗು ಮೂಲೆಯಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಮಾತು ಮೊದಮೊದಲು ಇರಲಿಲ್ಲ. ಆಮೇಲೆ ಅವನು ತನ್ನ ಊರಿನ ಬಗ್ಗೆ, ತನ್ನನ್ನು ಕಂಡರಾಗದ ಅಣ್ಣನ ಬಗ್ಗೆ, ಕತ್ತಲೆಯಲ್ಲಿ ನಿದ್ದೆ ಬಾರದ್ದರ ಬಗ್ಗೆ ಒಂದೊಂದೇ ಹೇಳಿದ. ದೊಡ್ಡಮ್ಮ ಕೇಳುತ್ತಿದ್ದಳು. ಅವಳಿಗೆ ಮಾತು ಬರುತ್ತಿರಲಿಲ್ಲ ನಿಜ. ಆದರೆ ಇಪ್ಪತ್ತು ವರ್ಷ ಸದ್ದು ಕೇಳಿಯೇ ಬದುಕಿದವಳಿಗೆ ಕೇಳುವುದು ಬರುತ್ತಿತ್ತು.

ನಾನು ಆಗ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ದೊಡ್ಡಮ್ಮ ಒಂದು ದಿನ ಚೀಟಿ ಕೊಟ್ಟು, ಎಳೆಯುವ ಬ್ಯಾಂಡೇಜು ಮತ್ತು ನೋವಿನ ಮುಲಾಮು ತರಲು ಹೇಳಿದಳು.

"ಯಾರಿಗೆ ದೊಡ್ಡಮ್ಮ?"

"ನಂಗೇ ಕಣೇ. ಮಂಡಿ ಹಿಡ್ಕೊಂಡಿದೆ."

ನಾನು ತಂದುಕೊಟ್ಟೆ. ಎರಡು ವಾರಕ್ಕೊಮ್ಮೆ ತಂದುಕೊಡುತ್ತಲೇ ಇದ್ದೆ. ನಾನು ಇದನ್ನು ಅಮ್ಮನಿಗೆ ಹೇಳಿದೆ, ಅಮ್ಮ ಸುಮ್ಮನಿರುತ್ತಾಳೆಯೇ? ಮಾರನೆಯ ದಿನದಿಂದಲೇ ದೊಡ್ಡಮ್ಮನಿಗೆ ಕೊಡ ಎತ್ತಲು ಬಿಡಲಿಲ್ಲ, ನೆಲ ಒರೆಸಲು ಬಿಡಲಿಲ್ಲ. "ಅಕ್ಕ, ನೀವು ಕೂತ್ಕೊಳ್ಳಿ, ಮಂಡಿಗೆ ಒತ್ತಡ ಕೊಡ್ಬೇಡಿ" ಎನ್ನುತ್ತ ಕೆಳಗಿನ ಮನೆಯ ಕೆಲಸವನ್ನೂ ತಾನೇ ಎಳೆದುಕೊಂಡಳು. ಭಾನುವಾರ ಎಣ್ಣೆ ಬಿಸಿ ಮಾಡಿಕೊಂಡು ಬಂದು ಅವಳ ಕಾಲ ಬಳಿ ಕೂತು ಮಂಡಿ ನೀವಿದಳು. ಏನೂ ಆಗದ ಮಂಡಿ. ದೊಡ್ಡಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ದಳು. "ನೋವಾಗ್ತಿದೆಯಾ ಅಕ್ಕ?" ಎಂದು ಅಮ್ಮ ಕೇಳಿದಳು.

"ಆಗ್ತಿದೆ" ಎಂದಳು ದೊಡ್ಡಮ್ಮ. ಈ ಹೆಂಗಸು ನನ್ನನ್ನು ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲಿಕ್ಕೂ ಬಿಡುವುದಿಲ್ಲವಲ್ಲ ಎಂದು ಅವತ್ತು ಅನ್ನಿಸಿತಂತೆ.

ತಂಡ ಸೋಲುತ್ತಲೇ ಇತ್ತು. ಆದರೆ ಸೋತ ದಿನ ದೊಡ್ಡಮ್ಮನ ಹಸಿವು ಕೆರಳುವುದು ನಿಂತಿತ್ತು. ಕ್ಯಾಪ್ಟನ್ ಹದಿನೈದು ಪಂದ್ಯದಲ್ಲಿ ಎರಡೇ ಗೋಲು ಹೊಡೆದಿದ್ದ. ಜನ ಅವನ ಹೆಸರು ಹಿಡಿದು ಬೈಯುವುದು ಚಾವಣಿಯ ಮೂಲಕ ಅವಳಿಗೆ ಕೇಳಿಸುತ್ತಿತ್ತು. ಕೋಚ್ ಎಲ್ಲರನ್ನೂ ಬದಲಿಸಿ ನೋಡಿದ, ಕ್ಯಾಪ್ಟನ್ ಒಬ್ಬನನ್ನು ಬಿಟ್ಟು. ಪಟ್ಟಿಯಲ್ಲಿ ತಂಡ ಹನ್ನೊಂದಕ್ಕೆ ಬಂತು, ಹದಿಮೂರಕ್ಕೆ ಬಂತು.

ಇಪ್ಪತ್ತೆರಡನೇ ಪಂದ್ಯ ಸೋತ ಮೇಲೆ ಒಂದು ಮಧ್ಯಾಹ್ನ ಅಮ್ಮ ಊಟದ ಮನೆಯ ಏಪ್ರನ್ನಿನಲ್ಲೇ ಲಾಂಡ್ರಿಗೆ ಇಳಿದು ಬಂದಳು. ಕಣ್ಣು ಕೆಂಪಗಿತ್ತು.

"ಅಕ್ಕ, ಕ್ಯಾಪ್ಟನ್ನಿಗೆ ಏನೋ ಆಗಿದೆ. ತಟ್ಟೆ ಹಾಕಿದ ಹಾಗೇ ವಾಪಸ್ ಬರ್ತಿದೆ. ಕೇಳಿದ್ರೆ ನಗ್ತಾನೆ. ಎಲ್ಲೋ ಪೆಟ್ಟು ಬಿದ್ದಿರ್ಬೇಕು ಅನ್ಸುತ್ತೆ ನಂಗೆ. ನಿಮಗೆ ಬಟ್ಟೆ ನೋಡಿದ್ರೆ ಗೊತ್ತಾಗುತ್ತಲ್ವಾ? ಏನಾದ್ರೂ ಕಂಡ್ರೆ ಹೇಳಿ. ಡಾಕ್ಟರ ಹತ್ರ ನಾನೇ ಹೋಗಿ ಮಾತಾಡ್ತೀನಿ."

ದೊಡ್ಡಮ್ಮನ ತಲೆಯ ಹಿಂದೆ, ತಗ್ಗು ಮೂಲೆಯಲ್ಲಿ, ಬ್ಯಾಂಡೇಜು ಒಣಗುತ್ತಿತ್ತು. ಅಮ್ಮ ಎರಡು ಹೆಜ್ಜೆ ಮುಂದೆ ಬಂದಿದ್ದರೆ ಕಾಣುತ್ತಿತ್ತು.

"ನಂಗೇನು ಗೊತ್ತಾಗುತ್ತೆ? ನಾನು ಬಟ್ಟೆ ಒಗೆಯೋಳು. ಮಕ್ಕಳನ್ನ ನೋಡ್ಕೊಳ್ಳೋಳು ನೀನು" ಎಂದಳು ದೊಡ್ಡಮ್ಮ.

ಮಾತಿನ ಮೊನೆ ಅಮ್ಮನಿಗೆ ತಾಗಿತೋ ಇಲ್ಲವೋ ಹೇಳಲಾರೆ. "ಅದೂ ಸರಿ" ಎಂದು ಮೂಗು ಒರೆಸಿಕೊಂಡು ಮೇಲೆ ಹೋದಳು. ಆ ಕ್ಷಣ ದೊಡ್ಡಮ್ಮ ಬಾಯಿ ತೆರೆದಿದ್ದಳಂತೆ. ಮಷೀನು ತಿರುಗುವ ಸದ್ದಿನಲ್ಲಿ ಕರೆದರೂ ಕೇಳಿಸುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಷೀನು ತಿರುಗುತ್ತಿರಲಿಲ್ಲ ಎಂಬುದನ್ನೂ ನನಗೆ ಹೇಳಿದವಳು ಅವಳೇ.

ಮುಂದಿನ ಮಂಗಳವಾರ ಅವಳು ಅವನಿಗೆ ಒಂದು ಮಾತು ಹೇಳಿದಳು: "ಸ್ವಲ್ಪ ದಿನ ಕೂತ್ಕೋಬಾರ್ದಾ?" ಅವನು ತಲೆಯಾಡಿಸಿದ, ಆಗುವುದಿಲ್ಲ ಎಂದು. ಅವಳು ಮತ್ತೆ ಒತ್ತಾಯಿಸಲಿಲ್ಲ. ಅವನು ಕೂತರೆ ಡಾಕ್ಟರ ಕೋಣೆಯಲ್ಲಿ ಕೂರುತ್ತಾನೆ, ಅಲ್ಲಿಗೆ ಊಟದ ಮನೆಯಿಂದ ಸೂಪು ಹೋಗುತ್ತದೆ, ಸೂಪಿನ ಜೊತೆ ಯಾರು ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ನಮ್ಮ ತಂಡ ಹದಿನಾಲ್ಕನೆಯ ಜಾಗದಲ್ಲಿತ್ತು. ನಮ್ಮದೇ ಮೈದಾನ. ಸಮ ಮಾಡಿಕೊಂಡರೂ ಸಾಕು, ಉಳಿಯುತ್ತಿದ್ದರು. ಸೋತರೆ ಹದಿನೈದಕ್ಕೆ ಜಾರಿ ಕೆಳದರ್ಜೆ. ಮೂರು ಗಂಟೆಯ ಪಂದ್ಯಕ್ಕೆ ಹನ್ನೆರಡಕ್ಕೇ ಗ್ಯಾಲರಿ ತುಂಬಿತ್ತು. ದೊಡ್ಡಮ್ಮ ಅವತ್ತು ಮಷೀನು ಹಾಕಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಮೇಲೆ ನೋಡುತ್ತಿದ್ದಳು, ಕಾಂಕ್ರೀಟಿನಲ್ಲಿ ಏನೋ ಬರೆದಿದೆ ಎಂಬಂತೆ.

ಮೊದಲರ್ಧ ಏನೂ ಇಲ್ಲ. ಎರಡನೆಯ ಅರ್ಧದಲ್ಲಿ ದೂರದ ಮೂಲೆಯಲ್ಲಿ ಗದ್ದಲ, ಎದುರಿನವರ ಗೋಲು. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಬಹಳ ಹೊತ್ತು ಬರೀ ಕಾಲು ಕುಟ್ಟುವ ಸದ್ದು. ಇದ್ದಕ್ಕಿದ್ದಂತೆ ತಲೆಯ ಮೇಲೆ ಹನ್ನೆರಡು ಸಾವಿರ ಜನ ಒಟ್ಟಿಗೆ ಎದ್ದರು. ಕೂಗು ಏರಿತು, ಏರಿತು. ಗೋಲು ಬೀಳುವ ಮುಂಚಿನ ಏರು ಅದು, ಅವಳಿಗೆ ಅದರ ಮೆಟ್ಟಿಲು ಮೆಟ್ಟಿಲೂ ಗೊತ್ತು. ಸುಣ್ಣ ಉದುರುವುದಕ್ಕೆ ಅವಳು ಮುಖ ಎತ್ತಿ ಕಾದಳು.

ಕೂಗು ಅರ್ಧಕ್ಕೆ ನಿಂತುಹೋಯಿತು. ಅಯ್ಯೋ ಎಂಬ ಉದ್ಗಾರವಿಲ್ಲ, ಬೈಗುಳವಿಲ್ಲ. ಅಂಥ ಸದ್ದನ್ನು ಅವಳು ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ.

ನಡೆದದ್ದು ಇಷ್ಟು, ನಾನು ಮೇಲೆ ಅಪ್ಪನ ಜೊತೆ ಕೂತು ನೋಡಿದೆ. ಚೆಂಡು ಕ್ಯಾಪ್ಟನ್ ಕಾಲಿಗೆ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಹತ್ತು ಹೆಜ್ಜೆಯೊಳಗೆ ಇನ್ಯಾರೂ ಇಲ್ಲ. ಅವನು ಎಡಗಾಲೂರಿ ತಿರುಗಿದ. ಯಾರೂ ಮುಟ್ಟಲಿಲ್ಲ, ಯಾರೂ ತಳ್ಳಲಿಲ್ಲ. ಕಾಲು ಮಡಚಿಕೊಂಡಿತು, ಅವನು ಚೀಲ ಕುಸಿದಂತೆ ಕುಸಿದ. ಚೆಂಡು ತಾನಾಗಿ ಉರುಳಿ ಗೋಲ್‌ಕೀಪರನ ಕೈ ಸೇರಿತು. ಸ್ಟ್ರೆಚರ್ ಬಂತು. ಹನ್ನೊಂದು ನಿಮಿಷದ ನಂತರ ಆಟ ಮುಗಿಯಿತು. ಇಪ್ಪತ್ತೆರಡು ವರ್ಷದ ನಂತರ ನಾವು ಇಳಿದೆವು. ನನ್ನ ಹಿಂದೆ ಕೂತಿದ್ದ ಮುದುಕನೊಬ್ಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತಾದರೂ ಏಳಲಿಲ್ಲ.

ಕೆಳಗೆ ತಳ್ಳುಗಾಡಿ ಬಂತು. ಬಟ್ಟೆಯ ರಾಶಿಯ ಮೇಲೆಯೇ ಕ್ಯಾಪ್ಟನ್ ಎಡಗಾಲಿನ ಕಾಲುಚೀಲ ಇತ್ತು, ಮೇಲಿಂದ ಕೆಳಗಿನವರೆಗೆ ಕತ್ತರಿಯಲ್ಲಿ ಸೀಳಿದ್ದು. ಒಗೆಯುವಂತಿರಲಿಲ್ಲ. ದೊಡ್ಡಮ್ಮ ಆದರೂ ಒಗೆದಳು.

ಆಸ್ಪತ್ರೆಗೆ ಅಮ್ಮ ಮಾರನೆಯ ದಿನವೇ ಊಟದ ಡಬ್ಬಿ ಹಿಡಿದು ಹೋದಳು. ಸಂಜೆ ವಾಪಸು ಬಂದಾಗ ನಾನು ಮತ್ತು ದೊಡ್ಡಮ್ಮ ಕೆಳಗಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದೆವು. ಅಮ್ಮ ಡಬ್ಬಿಯನ್ನು ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಅಕ್ಕ, ಅವನು ನಿಮ್ಮ ಹತ್ರ ಬರ್ತಿದ್ನಂತೆ."

ದೊಡ್ಡಮ್ಮ ಮಡಿಸುತ್ತಿದ್ದ ಚಾದರವನ್ನು ಬಿಡಲಿಲ್ಲ. "ಹೂಂ."

"ಯಾವಾಗಿಂದ?"

"ಒಂಬತ್ತನೇ ಪಂದ್ಯ ಆದ್ಮೇಲಿಂದ."

"ಪ್ರತಿ ವಾರಾನಾ?"

"ಮಂಗಳವಾರ."

ಅಮ್ಮ ಈಗ ಕಿರುಚುತ್ತಾಳೆ, ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಎಷ್ಟು ಹೊತ್ತು ಕೂತಿರ್ತಿದ್ದ?"

"ಹತ್ತು ನಿಮಿಷ. ಒಂದೊಂದ್ಸಲ ಕಾಲು ಗಂಟೆ."

"ಏನು ಮಾತಾಡ್ತಿದ್ದ?"

"ಊರಿಂದು. ಅವನ ಅಣ್ಣಂದು."

"ಅವನಿಗೆ ಅಣ್ಣ ಇದ್ದಾನಾ?" ಅಮ್ಮನ ದನಿ ಸಣ್ಣಗಾಯಿತು. "ನನ್ನ ಹತ್ರ ಅವನು ಊಟ ಬಿಟ್ರೆ ಬೇರೆ ಮಾತೇ ಆಡಿಲ್ಲ. ಉಪ್ಪು ಸಾಕಾ ಅಂದ್ರೆ ಸಾಕಮ್ಮ ಅಂತಿದ್ದ. ಅಷ್ಟೇ."

ಅಮ್ಮನ ಮುಖದಲ್ಲಿ ಆಗ ನಾನು ಕಂಡದ್ದನ್ನು ಅದಕ್ಕೆ ಮೊದಲು ದೊಡ್ಡಮ್ಮನ ಮುಖದಲ್ಲಿ ಮಾತ್ರ ಕಂಡಿದ್ದೆ. ತುಟಿ ಒಳಗೆಳೆದುಕೊಳ್ಳುವುದು, ಕಣ್ಣು ಎದುರಿನವರ ಮುಖ ಬಿಟ್ಟು ಅವರ ಕೈಗಳ ಮೇಲೆ ನಿಲ್ಲುವುದು. ದೊಡ್ಡಮ್ಮನೂ ಅದನ್ನು ಕಂಡಳು. ಅಮ್ಮ ಈ ಮನೆಗೆ ಬಂದಂದಿನಿಂದ ಕಾಯುತ್ತಿದ್ದದ್ದು ಕೊನೆಗೂ ಸಿಕ್ಕಂತೆ ಒಂದು ಕ್ಷಣ ಎದೆ ತುಂಬಿ ಬಂತು, ಅದು ಸುಳ್ಳಲ್ಲ ಎಂದು ಅವಳು ನನಗೆ ಹೇಳಿದ್ದಾಳೆ.

ಆಮೇಲೆ ಅಮ್ಮ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಡಾಕ್ಟರು ಹೇಳಿದ್ರು, ಮೊದಲೇ ಗೊತ್ತಾಗಿದ್ರೆ ಆರು ವಾರ ರೆಸ್ಟ್ ಸಾಕಿತ್ತಂತೆ. ಈಗ ಎರಡು ಆಪರೇಷನ್. ನಾನು ನಿಮ್ಮನ್ನ ಬಂದು ಕೇಳಿದ್ದೆ."

"ಕೇಳಿದ್ದೆ."

"ಯಾಕೆ ಹೇಳಲಿಲ್ಲ?"

ಅವನೇ ಬೇಡ ಅಂದಿದ್ದ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ದೊಡ್ಡಮ್ಮ ಹಾಗೆನ್ನಲಿಲ್ಲ.

"ಹೇಳಿದ್ರೆ ಅವನು ಮತ್ತೆ ನಿನ್ನವನಾಗಿಬಿಡ್ತಿದ್ದ" ಎಂದಳು.

ಅಮ್ಮ ಅವಳನ್ನೇ ನೋಡಿದಳು. "ನಾನಾಗಿದ್ರೆ ಹೇಳ್ತಿದ್ದೆ ಅಕ್ಕ" ಎಂದು ಮೆಟ್ಟಿಲು ಹತ್ತಿ ಹೋದಳು.

ಐದು ತಿಂಗಳು ಅವರಿಬ್ಬರು ಮಾತಾಡಲಿಲ್ಲ. ಒಂದೇ ಒಲೆ, ಒಂದೇ ನಲ್ಲಿ. ಉಪ್ಪಿನ ಡಬ್ಬಿ ಬೇಕಾದರೂ ನನ್ನ ಮೂಲಕ ಕೇಳಬೇಕು. "ನಿಮ್ಮ ದೊಡ್ಡಮ್ಮನಿಗ್ ಹೇಳು," "ನಿಮ್ಮಮ್ಮನಿಗ್ ಹೇಳು." ದೊಡ್ಡಪ್ಪ ಮತ್ತು ಅಪ್ಪ ಗೋಡೆ ನೋಡಿಕೊಂಡು ಉಣ್ಣುತ್ತಿದ್ದರು.

ದೊಡ್ಡಮ್ಮ ಒಂದೇ ಒಂದು ಸಲ ಆಸ್ಪತ್ರೆಗೆ ಹೋದಳು. ಕ್ಲಬ್ಬಿನಲ್ಲೇ ಉಳಿದಿದ್ದ ಕ್ಯಾಪ್ಟನ್ ಮನೆಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಚೀಲದಲ್ಲಿ ತುಂಬಿಕೊಂಡು. ವಾರ್ಡಿನ ಬಾಗಿಲಿಗೆ ಗಾಜಿತ್ತು. ಒಳಗೆ ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಅವನಿಗೆ ಸೂಪು ಕುಡಿಸುತ್ತಿದ್ದಳು, ಅವನು ಏನೋ ಹೇಳುತ್ತಿದ್ದ, ಅಮ್ಮ ಚಮಚ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದಳು. ದೊಡ್ಡಮ್ಮ ಚೀಲವನ್ನು ನರ್ಸ್ ಕೈಗೆ ಕೊಟ್ಟು, ಯಾರು ತಂದರು ಎಂದು ಹೇಳಬೇಡಿ ಎಂದು ಬಂದುಬಿಟ್ಟಳು. ಅಂಗಿಯ ಮಡಿಕೆ ನೋಡಿದರೆ ಅವನಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದಳು. ಗೊತ್ತಾಯಿತೋ ಇಲ್ಲವೋ.

ಪತ್ರಿಕೆಗಳು ತಂಡ ಇಳಿದದ್ದಕ್ಕೆ ವಾರಗಟ್ಟಲೆ ಕಾರಣ ಬರೆದವು. ಕೋಚ್ ತಪ್ಪು, ಆಡಳಿತ ಮಂಡಳಿಯ ತಪ್ಪು, ಹುಲ್ಲು ಸರಿಯಿಲ್ಲ, ರೆಫರಿ ಸರಿಯಿಲ್ಲ, ಕ್ಯಾಪ್ಟನ್ ಚಿಕ್ಕವನು. ದೊಡ್ಡಮ್ಮ ಒಂದನ್ನೂ ಬಿಡದೆ ಓದಿದಳು. "ಹನ್ನೊಂದು ಕಾರಣ ಬರೆದಿದ್ದಾರೆ. ಇದ್ರಲ್ಲೂ ನಾನಿಲ್ಲ ನೋಡು" ಎಂದಳು ನನ್ನ ಹತ್ತಿರ. ನಗಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಕೆಳದರ್ಜೆಯ ಕ್ಲಬ್ಬಿಗೆ ಊಟದ ಮನೆ ಬೇಕಿರಲಿಲ್ಲ, ಅದನ್ನು ಮುಚ್ಚಿದರು. ಅಮ್ಮನ ಕೆಲಸ ಹೋಯಿತು. ಬಟ್ಟೆ ಮಾತ್ರ ಯಾವ ದರ್ಜೆಯಲ್ಲಿ ಆಡಿದರೂ ಕೊಳೆಯಾಗುತ್ತದೆ, ಹಾಗಾಗಿ ದೊಡ್ಡಮ್ಮ ಉಳಿದಳು. ಮಷೀನು ಎರಡರಲ್ಲಿ ಒಂದನ್ನು ಮಾರಿದರು. ಅಮ್ಮನಿಗೆ ಮೂರೇ ವಾರದಲ್ಲಿ ಒಂದು ಶಾಲೆಯ ಅಡುಗೆ ಮನೆಯಲ್ಲಿ ಕೆಲಸ ಸಿಕ್ಕಿತು. ಈಗ ನಾನೂರು ಮಕ್ಕಳು ಅವಳನ್ನು ಅಮ್ಮ ಎನ್ನುತ್ತಿದ್ದರು. ಆ ಸುದ್ದಿಯನ್ನು ಕೆಳಗೆ ಮುಟ್ಟಿಸಿದವಳು ನಾನೇ. "ನಾನೂರಾ?" ಎಂದು ದೊಡ್ಡಮ್ಮ ಎರಡು ಸಲ ಕೇಳಿದಳು.

ಕ್ಯಾಪ್ಟನ್ ಒಂದು ವರ್ಷ ಕುಂಟಿದ, ಆಮೇಲೆ ತನ್ನ ಊರಿಗೆ ಹೋಗಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆ ಎಂದು ಕೇಳಿದೆವು. ಇಬ್ಬರಿಗೂ ಅವನು ಕಾಗದ ಬರೆಯಲಿಲ್ಲ. ಬರೆದಿದ್ದರೆ ಯಾರಿಗೆ ಮೊದಲು ಬರೆದ ಎಂಬ ಇನ್ನೊಂದು ರಾಮಾಯಣ ಆಗುತ್ತಿತ್ತು.

ವಾರಗಿತ್ತಿಯರಿಗೆ ಮಾತು ಮರಳಿದ್ದು ದೊಡ್ಡಪ್ಪ ಜಾರಿಬಿದ್ದು ಕೈ ಮುರಿದುಕೊಂಡಾಗ. ಆಟೋ ಕರೆಸು, ಚೀಟಿ ಬರೆಸು ಎಂಬ ಗಡಿಬಿಡಿಯಲ್ಲಿ ನನ್ನ ಮೂಲಕ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಾಗೆ ಶುರುವಾದದ್ದು ಮುಂದುವರಿಯಿತು. ಈಗ ಬೇಳೆ, ಸೋಪು, ನೆಂಟರು, ಎಲ್ಲದರ ಬಗ್ಗೆಯೂ ಮಾತಾಡುತ್ತಾರೆ. ಅದೊಂದನ್ನು ಬಿಟ್ಟು.

ದೊಡ್ಡಮ್ಮ ನಿವೃತ್ತಳಾಗಿ ಮೂರು ವರ್ಷವಾಯಿತು. ತಂಡ ಇನ್ನೂ ಮೇಲೆ ಬಂದಿಲ್ಲ. ಹೋದ ತಿಂಗಳು ನನ್ನ ಸೀರೆಗೆ ಇಸ್ತ್ರಿ ಹಾಕಿಕೊಡುತ್ತ, ಯಾವುದೋ ಮಾತಿನ ನಡುವೆ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ನಿಮ್ಮಮ್ಮ ಅವತ್ತು ಅಂದಳಲ್ಲ, ನಾನಾಗಿದ್ರೆ ಹೇಳ್ತಿದ್ದೆ ಅಂತ. ಸುಮ್ನೆ ಅಂದಿದ್ದು ಅಂದ್ಕೊಳ್ಳೋಣ ಅಂತ ಎಷ್ಟೋ ಸಲ ನೋಡ್ದೆ. ಆಗಲ್ಲ ಕಣೇ. ಅವಳು ಹೇಳ್ತಿದ್ಲು. ಅವನು ಬಂದ ಆ ಗಳಿಗೆಯಲ್ಲೇ ಓಡಿ ಹೋಗಿ ಡಾಕ್ಟರಿಗೆ ಹೇಳಿ, ಅವನ ಹತ್ರ ಬೈಸ್ಕೊಂಡು, ಹುಡುಗನ ಕಾಲು ಉಳಿಸ್ತಿದ್ಲು."

ಆ ಮಾತು ಹೇಳುವಾಗ ಅವಳ ದನಿಯಲ್ಲಿ ದುಃಖವಿತ್ತು ನಿಜ, ಆದರೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ಸೀರೆಯ ಅಂಚಿನ ಮೇಲೆ ಒತ್ತಿ ಒತ್ತಿ ಎಳೆದಳು.